ಲಸಿಕೆ ಬಗ್ಗೆ ಮೆಡಿಕಲ್ ವಿದ್ಯಾರ್ಥಿಗಳ, ಕುಟುಂಬ ವೈದ್ಯರ ಮನೋಭಾವ: ಪದೇ ಪದೇ ಕೇಳುವ ಪ್ರಶ್ನೆಗಳು

ಲಸಿಕೆ ಬೇಡ ಎನ್ನುವ ಪೋಷಕರ ಬಗ್ಗೆ ಬೇಕಾದಷ್ಟು ಬರಹ ಸಿಗುತ್ತದೆ. ಲಸಿಕೆ ಹಾಕುವವರ ತಲೆಯಲ್ಲಿ ಏನು ಓಡುತ್ತಿದೆ ಎಂದು ಕೇಳಿದವರು ಕಡಿಮೆ. ಈ ಪುಟ ಮೆಡಿಕಲ್ ವಿದ್ಯಾರ್ಥಿಗಳಿಗೆ, ಕುಟುಂಬ ವೈದ್ಯರಿಗೆ ಮತ್ತು ಇವರಿಗೆ ಪಾಠ ಹೇಳುವವರಿಗೆ. ಇಲ್ಲಿ ಕೊಟ್ಟಿರುವ ಡೋಸ್ ಮತ್ತು ಅಂತರಗಳು ಸಾಮಾನ್ಯವಾಗಿ ಬಳಕೆಯಲ್ಲಿರುವವು. ಅಂತಿಮ ಮಾತು ಆಯಾ ದೇಶದ ವೇಳಾಪಟ್ಟಿಯದ್ದು.

ವೈದ್ಯರಿಗೂ ಲಸಿಕೆ ಬಗ್ಗೆ ಹಿಂಜರಿಕೆ ಇರುತ್ತದೆಯೇ?

ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 2014ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಲಸಿಕೆ ಸಿಗುತ್ತಿದ್ದರೂ ಹಾಕಿಸಿಕೊಳ್ಳಲು ತಡ ಮಾಡುವುದು ಅಥವಾ ಬೇಡ ಎನ್ನುವುದು ಹಿಂಜರಿಕೆ. ಬಿಳಿ ಕೋಟು ಹಾಕಿದವರಿಗೆ ಇದರಿಂದ ವಿನಾಯಿತಿಯೇನೂ ಇಲ್ಲ.

ಆದರೆ ವೈದ್ಯರ ಹಿಂಜರಿಕೆಯ ರೂಪ ಬೇರೆ. ಒಟ್ಟಾರೆ ಲಸಿಕೆಗಳೇ ಬೇಡ ಎನ್ನುವ ವೈದ್ಯರು ತೀರಾ ಅಪರೂಪ. ಪೋಲಿಯೊ, ದಡಾರಕ್ಕೆ ಕಣ್ಣುಮುಚ್ಚಿ ಹೂಂ ಎನ್ನುವವರೇ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್), ಫ್ಲೂ ಅಥವಾ ಹೊಸದಾಗಿ ಬಂದ ಲಸಿಕೆಯ ಮಾತು ಬಂದಾಗ ‘ನೋಡೋಣ’ ಎನ್ನುತ್ತಾರೆ. ಫ್ರಾನ್ಸಿನ ಕುಟುಂಬ ವೈದ್ಯರ ನಡುವೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಒಂದೊಂದು ಲಸಿಕೆಯನ್ನೂ ಬಿಡಿಯಾಗಿ ಕೇಳಿದಾಗ, ಅದನ್ನು ಅಗತ್ಯವಿದ್ದವರಿಗೂ ‘ಕೆಲವೊಮ್ಮೆ ಮಾತ್ರ’ ಅಥವಾ ‘ಎಂದೂ ಇಲ್ಲ’ ಎನ್ನುವಷ್ಟೇ ಶಿಫಾರಸು ಮಾಡುತ್ತೇವೆ ಎಂದವರ ಪಾಲು, ಲಸಿಕೆಗೆ ತಕ್ಕಂತೆ, 16ರಿಂದ 43%ವರೆಗೆ ಇತ್ತು. ಹೆಪಟೈಟಿಸ್ ಬಿ ಲಸಿಕೆಗೂ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೂ ನಂಟಿದೆ ಎಂಬ ವಿವಾದದ ನಡುವೆ 1998ರಲ್ಲಿ ಶಾಲೆಗಳಲ್ಲಿ ಆ ಲಸಿಕೆ ಹಾಕುವುದನ್ನು ನಿಲ್ಲಿಸಿದ ದೇಶ ಅದು. ನಂಟು ಸಾಬೀತಾಗಲಿಲ್ಲ, ಅನುಮಾನ ಮಾತ್ರ ವೈದ್ಯರಲ್ಲೇ ಉಳಿದುಬಿಟ್ಟಿತು.

ಹಾಗಾಗಿ ‘ನೀವು ಲಸಿಕೆ ಪರವೋ ವಿರುದ್ಧವೋ’ ಎಂದು ವೈದ್ಯರನ್ನು ಕೇಳಿ ಪ್ರಯೋಜನವಿಲ್ಲ. ಯಾವ ಲಸಿಕೆ, ಯಾರಿಗೆ, ಕಳೆದ ತಿಂಗಳು ಎಷ್ಟು ಜನರಿಗೆ ಹೇಳಿದಿರಿ ಎಂದು ಕೇಳಬೇಕು.

ಇಷ್ಟು ಓದಿದ ಮೇಲೂ ಅನುಮಾನ ಯಾಕೆ?

ಓದಿದ್ದು ಎಲ್ಲೆಲ್ಲಿ ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ರೋಗಾಣು ಮೈಕ್ರೋಬಯಾಲಜಿಯಲ್ಲಿ ಬರುತ್ತದೆ, ವೇಳಾಪಟ್ಟಿ ಮಕ್ಕಳ ವಿಭಾಗದಲ್ಲಿ, ಕೋಲ್ಡ್ ಚೈನ್ (ಲಸಿಕೆಯನ್ನು ಕೊನೆಯವರೆಗೂ ತಂಪಾಗಿ ಇಡುವ ವ್ಯವಸ್ಥೆ) ಸಮುದಾಯ ವೈದ್ಯಶಾಸ್ತ್ರದಲ್ಲಿ. ಮೂರನ್ನೂ ಒಟ್ಟಿಗೆ ಕೂರಿಸಿ ‘ಎದುರಿಗೆ ಕೂತ ತಾಯಿಗೆ ಏನು ಹೇಳುತ್ತೀರಿ?’ ಎಂದು ಕೇಳುವ ಪರೀಕ್ಷೆ ಬಹಳ ಕಡೆ ಇಲ್ಲವೇ ಇಲ್ಲ. ಡಿಫ್ತೀರಿಯಾ ವಿಷದ ಕೆಲಸವನ್ನು ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿ, ‘ಇದರಲ್ಲಿ ಅಲ್ಯೂಮಿನಿಯಂ ಇದೆಯಂತಲ್ಲ?’ ಎಂಬ ಪ್ರಶ್ನೆಗೆ ತಡವರಿಸುತ್ತಾನೆ. ಉತ್ತರ ಕಷ್ಟದ್ದೇನಲ್ಲ: ಇದೆ, ಒಂದು ಡೋಸ್‌ನಲ್ಲಿ 1 ಮಿಲಿಗ್ರಾಂಗಿಂತ ಕಡಿಮೆ, ರೋಗನಿರೋಧಕ ವ್ಯವಸ್ಥೆಯನ್ನು ಚೆನ್ನಾಗಿ ಎಚ್ಚರಿಸಲೆಂದು, ಹಲವು ದಶಕಗಳಿಂದ ಬಳಕೆಯಲ್ಲಿದೆ. ಇದನ್ನು ಯಾರೂ ಆತನ ಬಾಯಿಂದ ಒಮ್ಮೆಯೂ ಹೇಳಿಸಿಲ್ಲ, ಅಷ್ಟೇ.

ಇನ್ನರ್ಧ ಉತ್ತರ ಕಸುಬಿನೊಳಗೇ ಇದೆ. ಆಸ್ಪತ್ರೆಯಲ್ಲಿ ಅಡ್ಡಪರಿಣಾಮ ಕಣ್ಣಿಗೆ ಬೀಳುತ್ತದೆ, ತಪ್ಪಿದ ರೋಗ ಬೀಳುವುದಿಲ್ಲ. ಲಸಿಕೆ ಹಾಕಿದ ವಾರ ಜ್ವರ ಬಂದು ಫಿಟ್ಸ್ ಆದ ಒಂದು ಮಗು ನೆನಪಿನಲ್ಲಿ ಉಳಿಯುತ್ತದೆ. ದಡಾರ ಬರದೆ ಶಾಲೆಗೆ ಹೋದ ಸಾವಿರ ಮಕ್ಕಳು ಕೇಸ್ ಶೀಟ್‌ಗೆ ಬರುವುದೇ ಇಲ್ಲ. ಡಿಫ್ತೀರಿಯಾವನ್ನು ಒಮ್ಮೆಯೂ ಕಾಣದೆ ನಿವೃತ್ತರಾಗುವ ವೈದ್ಯರಿದ್ದಾರೆ.

ವಿದ್ಯಾರ್ಥಿಗಳ ಹಿಂಜರಿಕೆಗೂ ವೈದ್ಯರ ಹಿಂಜರಿಕೆಗೂ ಏನು ವ್ಯತ್ಯಾಸ?

ವಿದ್ಯಾರ್ಥಿಯದ್ದು ಹೆಚ್ಚಾಗಿ ಉದಾಸೀನ ಮತ್ತು ಅನಾನುಕೂಲ. ವಯಸ್ಸು ಇಪ್ಪತ್ತು, ಮೈ ಗಟ್ಟಿ, ನಾಳೆ ಇಂಟರ್ನಲ್ಸ್. ಹೆಪಟೈಟಿಸ್ ಬಿ ಮೊದಲ ಎರಡು ಡೋಸ್ ಆಗಿರುತ್ತದೆ, 6ನೇ ತಿಂಗಳ ಮೂರನೆಯದು ರಜೆಯಲ್ಲೋ ಪರೀಕ್ಷೆಯಲ್ಲೋ ಕಳೆದುಹೋಗಿರುತ್ತದೆ. ಕೇಳಿದರೆ ‘ಲಸಿಕೆ ಒಳ್ಳೆಯದೇ’ ಎಂದೇ ಹೇಳುತ್ತಾರೆ. ಇಂಥವರಿಗೆ ಉಪನ್ಯಾಸ ಕೊಡುವುದು ವ್ಯರ್ಥ. ಪೋಸ್ಟಿಂಗ್ ಇರುವ ವಾರ್ಡಿನ ಪಕ್ಕದಲ್ಲೇ, ಕ್ಲಾಸ್ ಬಿಡುವ ಹೊತ್ತಿಗೆ ಲಸಿಕೆ ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು.

ಕುಟುಂಬ ವೈದ್ಯರದ್ದು ಬೇರೆ ಲೆಕ್ಕ. ಹೊರಗೆ ಸಾಲು ನಿಂತಿದೆ, ಒಬ್ಬರಿಗೆ ಐದಾರು ನಿಮಿಷ. ಲಸಿಕೆಯ ಮಾತು ಎತ್ತಿದರೆ ಚರ್ಚೆ ಬೆಳೆಯುತ್ತದೆ ಎಂಬ ಅಳುಕು, ಏನಾದರೂ ಹೆಚ್ಚುಕಡಿಮೆಯಾದರೆ ಹತ್ತು ವರ್ಷದ ನಂಬಿಕೆ ಹೋಗುತ್ತದೆ ಎಂಬ ಭಯ. ಹೀಗೆ ಹೇಳದೆ ಬಿಟ್ಟದ್ದನ್ನು ಹಿಂಜರಿಕೆ ಎಂದು ಅವರು ಒಪ್ಪುವುದಿಲ್ಲ, ‘ಅವರೇ ಕೇಳಲಿಲ್ಲ’ ಎನ್ನುತ್ತಾರೆ. ರೋಗಿಯ ಮಟ್ಟಿಗೆ ಎರಡರ ಫಲವೂ ಒಂದೇ.

ವಾರ್ಡಿಗೆ ಕಾಲಿಡುವ ಮುನ್ನ ವಿದ್ಯಾರ್ಥಿಗೆ ಯಾವ ಲಸಿಕೆಗಳು ಆಗಿರಬೇಕು?

ಮೊದಲಿಗೆ ಹೆಪಟೈಟಿಸ್ ಬಿ. ಲಸಿಕೆ ಆಗದವರಿಗೆ ಸೋಂಕಿತರ ರಕ್ತವಿರುವ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು 6ರಿಂದ 30%. ಎಚ್‌ಐವಿಯಲ್ಲಿ ಅದು ಸುಮಾರು 0.3%. ಎಚ್‌ಐವಿಗೆ ಹೆದರುವ ವಿದ್ಯಾರ್ಥಿಗಳು ಹೆಪಟೈಟಿಸ್ ಬಿಗೆ ಹೆದರದಿರುವುದು ವಿಚಿತ್ರವೇ ಸರಿ. ಈ ವೈರಸ್ ಒಣಗಿದ ರಕ್ತದಲ್ಲಿ, ಮೇಜಿನ ಮೇಲೆ, ಕನಿಷ್ಠ 7 ದಿನ ಬದುಕಿರಬಲ್ಲದು. ಮೂರು ಡೋಸ್, 0, 1 ಮತ್ತು 6 ತಿಂಗಳಿಗೆ, ತೋಳಿನ ಡೆಲ್ಟಾಯ್ಡ್ ಸ್ನಾಯುವಿಗೆ. ಪೃಷ್ಠಕ್ಕೆ ಹಾಕಿದರೆ ಔಷಧಿ ಕೊಬ್ಬಿನಲ್ಲಿ ಉಳಿದು ಪ್ರತಿಕಾಯ (ರೋಗಾಣುವನ್ನು ತಡೆಯುವ ಪ್ರೋಟೀನು) ಸರಿಯಾಗಿ ಹುಟ್ಟುವುದಿಲ್ಲ. ನಡುವೆ ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ‘ಮತ್ತೆ ಮೂರೂ ಹಾಕಿಸಬೇಕಲ್ಲ’ ಎಂದು ಕೈಬಿಟ್ಟವರಿಗೆ ಇದನ್ನು ಹೇಳಿದರೆ ಅಲ್ಲೇ ಅಂಗಿಯ ತೋಳು ಮೇಲೇರಿಸುತ್ತಾರೆ.

ದಡಾರ, ಮಂಗಬಾವು, ರುಬೆಲ್ಲಾ ಲಸಿಕೆ (ಎಂಎಂಆರ್) ಎರಡು ಡೋಸ್, ನಡುವೆ ಕನಿಷ್ಠ 28 ದಿನ. ಚಿಕ್ಕಂದಿನ ಕಾರ್ಡ್ ಸಿಗದಿದ್ದರೆ ಹಾಕಿಸಿಕೊಳ್ಳುವುದೇ ಒಳ್ಳೆಯದು. ಮೊದಲೇ ಆಗಿದ್ದರೂ ಇನ್ನೊಂದು ಡೋಸ್‌ನಿಂದ ತೊಂದರೆಯಿಲ್ಲ. ಗರ್ಭಿಣಿಯರಿಗೆ ಮಾತ್ರ ಇದು ಬೇಡ. ಸೀತಾಳೆ ಸಿಡುಬು ಬಂದಿರದಿದ್ದರೆ ಅದರ ಲಸಿಕೆ. ಟೆಟನಸ್, ಡಿಫ್ತೀರಿಯಾ, ನಾಯಿಕೆಮ್ಮಿನ ಬೂಸ್ಟರ್. ಫ್ಲೂ ಪ್ರತಿ ವರ್ಷ.

ಹೆಪಟೈಟಿಸ್ ಬಿ ಮೂರು ಡೋಸ್ ಆಯಿತು. ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ಕಡಿಮೆ ಬಂದಿದೆ. ಲಸಿಕೆ ಕೆಲಸ ಮಾಡಿಲ್ಲವೇ?

ಪರೀಕ್ಷೆ ಯಾವಾಗ ಮಾಡಿಸಿದಿರಿ ಎಂಬುದರ ಮೇಲೆ ಹೋಗುತ್ತದೆ. ಕೊನೆಯ ಡೋಸ್ ಆಗಿ 1ರಿಂದ 2 ತಿಂಗಳಿಗೆ ಮಾಡಿಸಿದಾಗ ಪ್ರತಿ ಮಿಲಿಲೀಟರಿಗೆ 10 ಮಿಲಿ ಇಂಟರ್‌ನ್ಯಾಷನಲ್ ಯೂನಿಟ್ ಅಥವಾ ಹೆಚ್ಚಿದ್ದರೆ ರಕ್ಷಣೆ ಬಂತು. ಆಗಲೇ ಕಡಿಮೆಯಿದ್ದರೆ ಇನ್ನೊಂದು ಸರಣಿ ಹಾಕಿಸಿ ಮತ್ತೆ ನೋಡಬೇಕು. ಎರಡು ಪೂರ್ಣ ಸರಣಿಯ ನಂತರವೂ ಬಾರದಿದ್ದರೆ, ಮೊದಲೇ ಸೋಂಕಿಲ್ಲ ಎಂದು ಖಚಿತ ಮಾಡಿಕೊಂಡು, ‘ಪ್ರತಿಕ್ರಿಯೆ ತೋರದವರು’ ಎಂದು ದಾಖಲಿಸಬೇಕು. ಅಂಥವರಿಗೆ ಸೂಜಿ ಚುಚ್ಚಿದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕಾಗುತ್ತದೆ. ಆ ಚೀಟಿ ಅವರ ಬಳಿ ಇರಲಿ.

ಶಿಶುವಾಗಿದ್ದಾಗ ಹಾಕಿಸಿದ ಲಸಿಕೆಗೆ ಇಪ್ಪತ್ತು ವರ್ಷದ ಮೇಲೆ ಪರೀಕ್ಷೆ ಮಾಡಿಸಿ ಕಡಿಮೆ ಬಂದರೆ ಗಾಬರಿ ಬೇಡ. ಪ್ರತಿಕಾಯದ ಮಟ್ಟ ಇಳಿದರೂ ರೋಗನಿರೋಧಕ ನೆನಪು ಉಳಿದಿರುತ್ತದೆ. ಒಂದು ಡೋಸ್ ಕೊಟ್ಟು 1ರಿಂದ 2 ತಿಂಗಳಿಗೆ ನೋಡಿದರೆ ಬಹುತೇಕರಲ್ಲಿ ಮಟ್ಟ ಮೇಲೇರುತ್ತದೆ. ಈ ವಿವರ ಗೊತ್ತಿಲ್ಲದೆ ‘ನನಗೇ ಲಸಿಕೆ ಹತ್ತಲಿಲ್ಲ’ ಎಂದು ನಂಬಿದ ವಿದ್ಯಾರ್ಥಿ, ಮುಂದೆ ರೋಗಿಗೂ ಅದನ್ನೇ ಹೇಳುತ್ತಾನೆ.

ಫ್ಲೂ ಲಸಿಕೆ ಎಂದರೆ ವೈದ್ಯರೇ ಮೂಗು ಮುರಿಯುವುದೇಕೆ?

ಒಂದು ಕಾರಣ ನ್ಯಾಯವಾದದ್ದು. ಲಸಿಕೆಯ ತಳಿಗೂ ಆ ವರ್ಷ ಓಡಾಡುವ ತಳಿಗೂ ಚೆನ್ನಾಗಿ ಹೊಂದಿಕೆಯಾದ ವರ್ಷಗಳಲ್ಲೂ ಅದು ವೈದ್ಯರ ಬಳಿ ಬರುವಂಥ ಕಾಯಿಲೆಯನ್ನು 40ರಿಂದ 60%ರಷ್ಟು ಮಾತ್ರ ತಗ್ಗಿಸುತ್ತದೆ. ಹೊಂದದ ವರ್ಷ ಇನ್ನೂ ಕಡಿಮೆ. ದಡಾರದ ಎರಡು ಡೋಸ್ ಕೊಡುವ ಸುಮಾರು 97%ರ ಪಕ್ಕದಲ್ಲಿ ಇದು ಪೇಲವ. ಇದನ್ನು ಮುಚ್ಚಿಟ್ಟು ‘ನೂರಕ್ಕೆ ನೂರು ರಕ್ಷಣೆ’ ಎಂದರೆ ಮುಂದಿನ ವರ್ಷ ಯಾರೂ ನಂಬುವುದಿಲ್ಲ.

ಎರಡನೆಯ ಕಾರಣ ಶುದ್ಧ ತಪ್ಪು: ‘ಲಸಿಕೆ ಹಾಕಿಸಿಕೊಂಡೇ ಫ್ಲೂ ಬಂತು’. ಇಂಜೆಕ್ಷನ್ ರೂಪದ್ದರಲ್ಲಿ ಜೀವಂತ ವೈರಸ್ ಇರುವುದಿಲ್ಲ, ಅದರಿಂದ ಫ್ಲೂ ಬರಲಾರದು. ರಕ್ಷಣೆ ಬರಲು ಸುಮಾರು 2 ವಾರ ಬೇಕು. ಹಾಕಿಸುವ ಕಾಲವೇ ನೆಗಡಿಯ ಕಾಲವಾದ್ದರಿಂದ ಆ ಎರಡು ವಾರದಲ್ಲಿ ಬೇರೆ ಯಾವುದೋ ವೈರಸ್ ಬಂದಿರುತ್ತದೆ.

ಮೂರನೆಯದು, ‘ನನಗೆ ಫ್ಲೂ ಬಂದರೆ ನಾನು ತಡೆದುಕೊಳ್ಳುತ್ತೇನೆ’. ಪ್ರಶ್ನೆ ಅದಲ್ಲ. ಲಕ್ಷಣ ಕಾಣುವ ಒಂದು ದಿನ ಮೊದಲೇ ವೈರಸ್ ಹರಡಲು ಶುರುವಾಗುತ್ತದೆ. ಆ ದಿನ ನೀವು ಕೀಮೊಥೆರಪಿ ವಾರ್ಡಿನಲ್ಲಿ ರೌಂಡ್ಸ್‌ನಲ್ಲಿದ್ದೀರಿ.

ವೈದ್ಯರು ತಾವು ಹಾಕಿಸಿಕೊಳ್ಳುವುದಕ್ಕೂ ರೋಗಿಗೆ ಹೇಳುವುದಕ್ಕೂ ನಂಟಿದೆಯೇ?

ಇದೆ. ತಾವು ಹಾಕಿಸಿಕೊಂಡ ವೈದ್ಯರು ರೋಗಿಗಳಿಗೂ ಹೆಚ್ಚು ಶಿಫಾರಸು ಮಾಡುತ್ತಾರೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ರೋಗಿಗಳೂ ಚಾಲಾಕು, ‘ನೀವು ಹಾಕಿಸ್ಕೊಂಡ್ರಾ ಡಾಕ್ಟ್ರೇ?’ ಎಂದೇ ಶುರು ಮಾಡುತ್ತಾರೆ. ‘ಹೂಂ, ಕಳೆದ ತಿಂಗಳು’ ಎಂಬ ಉತ್ತರಕ್ಕೆ ಇರುವ ತೂಕ ಕರಪತ್ರಕ್ಕಿಲ್ಲ.

ಕ್ಲಿನಿಕ್‌ನಲ್ಲಿ ಲಸಿಕೆಯ ಮಾತು ಹೇಗೆ ಶುರು ಮಾಡಬೇಕು?

‘ಇವತ್ತು ಮಗುವಿಗೆ ಎರಡು ಲಸಿಕೆ ಇದೆ, ಹಾಕೋಣ’ ಎನ್ನುವುದು ಒಂದು ರೀತಿ. ‘ಲಸಿಕೆ ಬಗ್ಗೆ ಏನಂದುಕೊಂಡಿದ್ದೀರಿ?’ ಎನ್ನುವುದು ಇನ್ನೊಂದು. ಅಮೆರಿಕದಲ್ಲಿ ಇಂಥ 111 ಮಾತುಕತೆಗಳನ್ನು ವಿಡಿಯೊದಲ್ಲಿ ದಾಖಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ರೀತಿಗೆ 26% ಪೋಷಕರು ಆಕ್ಷೇಪ ಎತ್ತಿದರು, ಎರಡನೆಯದಕ್ಕೆ 83%. ಆಕ್ಷೇಪ ಬಂದ ಮೇಲೂ ವೈದ್ಯರು ತಮ್ಮ ಶಿಫಾರಸಿಗೆ ಅಂಟಿಕೊಂಡಾಗ ಮೊದಲು ಬೇಡವೆಂದವರಲ್ಲಿ 47% ಮಂದಿ ಒಪ್ಪಿದರು. ಅಂದರೆ ಮೊದಲ ‘ಬೇಡ’ ಕೊನೆಯ ಉತ್ತರವಲ್ಲ. ಬಹಳ ವೈದ್ಯರು ಅಲ್ಲಿಗೇ ಫೈಲು ಮುಚ್ಚಿಬಿಡುತ್ತಾರೆ.

ಎರಡು ಎಚ್ಚರಿಕೆ. ಇದು ಗಮನಿಸಿ ಬರೆದ ಅಧ್ಯಯನ, ಪ್ರಯೋಗವಲ್ಲ. ಮೊದಲೇ ಅನುಮಾನವಿದ್ದ ಪೋಷಕರೊಂದಿಗೆ ವೈದ್ಯರು ತಾವಾಗಿಯೇ ಪ್ರಶ್ನೆಯ ಧಾಟಿ ಹಿಡಿದಿರಲೂಬಹುದು. ಜೊತೆಗೆ, ನೇರವಾಗಿ ಹೇಳಿಸಿಕೊಂಡ ಪೋಷಕರಿಗೆ ಭೇಟಿಯ ಬಗ್ಗೆ ಅಷ್ಟು ತೃಪ್ತಿ ಇರಲಿಲ್ಲ ಎಂದು ಅದೇ ತಂಡದ ಮುಂದಿನ ವಿಶ್ಲೇಷಣೆ ತೋರಿಸಿತು. ನಮ್ಮ ಅಭಿಪ್ರಾಯ: ನೇರವಾಗಿ ಶುರು ಮಾಡಿ, ಆಕ್ಷೇಪ ಬಂದ ಕ್ಷಣ ಧಾಟಿ ಬದಲಿಸಿ ಕೇಳಿಸಿಕೊಳ್ಳಿ. ‘ಹಾಕೋಣ’ ಎಂದು ಶುರು ಮಾಡಿದವರು ‘ಹಾಕಲೇಬೇಕು’ ಎಂದು ಮುಗಿಸಬೇಕಿಲ್ಲ.

‘ಬೇಡ’ ಎಂದರು. ಈಗೇನು?

ಮೊದಲು ಯಾಕೆ ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಅನುಮಾನ ಹತ್ತು ಇರುವುದಿಲ್ಲ, ಒಂದೋ ಎರಡೋ ಇರುತ್ತದೆ. ನೀವು ಆ ಒಂದನ್ನು ಬಿಟ್ಟು ಉಳಿದ ಒಂಬತ್ತಕ್ಕೆ ಉತ್ತರ ಕೊಟ್ಟರೆ, ಅವರಿಗೆ ಒಂಬತ್ತು ಹೊಸ ಅನುಮಾನ ಕಲಿಸಿದಂತೆ. ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ, ಸರಿಯೇ ಎಂದು ನೋಡಿ. ಆಮೇಲೆ ‘ನನಗೆ ಗೊತ್ತಿರುವುದನ್ನು ಹೇಳಲಾ?’ ಎಂದು ಅನುಮತಿ ಪಡೆಯಿರಿ. ಈ ಒಂದು ವಾಕ್ಯ ಬಿಟ್ಟರೆ ಉಳಿದದ್ದು ಭಾಷಣವಾಗುತ್ತದೆ. ಹೀಗೆ:

— ಎರಡು ಇಂಜೆಕ್ಷನ್ ಒಟ್ಟಿಗೆ ಬೇಡ ಡಾಕ್ಟ್ರೇ.
— ಸರಿ. ಒಟ್ಟಿಗೆ ಹಾಕಿದರೆ ಏನಾಗಬಹುದು ಅಂತ ಯೋಚನೆ?
— ಇಷ್ಟು ಪುಟ್ಟ ಮೈ, ತಡೆದುಕೊಳ್ಳುತ್ತಾ ಅಂತ.
— ಮೈಗೆ ಭಾರವಾಗುತ್ತೇನೋ ಅನ್ನೋ ಭಯ. ಅದರ ಬಗ್ಗೆ ನನಗೆ ಗೊತ್ತಿರೋದನ್ನ ಹೇಳಲಾ?
— ಹೇಳಿ.
— ಹಿಂದಿನ ಕಾಲದ ನಾಯಿಕೆಮ್ಮಿನ ಲಸಿಕೆ ಒಂದರಲ್ಲೇ ಸುಮಾರು 3,000 ಬಗೆಯ ಪ್ರತಿಜನಕ, ಅಂದರೆ ಮೈ ಗುರುತಿಸಿ ಪ್ರತಿಕ್ರಿಯಿಸುವ ಕಣ, ಇರುತ್ತಿತ್ತು. ಅದರ ಶುದ್ಧೀಕರಿಸಿದ ಹೊಸ ರೂಪದಲ್ಲಿ 2ರಿಂದ 5. ಮಗು ನೆಲದಲ್ಲಿ ಆಡಿ ಕೈ ಬಾಯಿಗೆ ಹಾಕಿಕೊಂಡಾಗ ಇದಕ್ಕಿಂತ ಹೆಚ್ಚು ಒಳಗೆ ಹೋಗುತ್ತೆ. ಬೇರೆ ಬೇರೆ ದಿನ ಹಾಕಿದರೆ ಎರಡು ಸಲ ಅಳು, ನಡುವಿನ ದಿನಗಳಲ್ಲಿ ರಕ್ಷಣೆ ಇಲ್ಲ. ಈಗ ಏನನ್ನಿಸುತ್ತೆ?

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ, ನಿರ್ಧಾರ ಅವರ ಕೈಗೆ ಹಿಂತಿರುಗುವುದು ಅಲ್ಲಿ. ಆಗಲೂ ಬೇಡ ಎಂದರೆ ದಾಖಲಿಸಿ, ಯಾವ ಲಕ್ಷಣಕ್ಕೆ ತಕ್ಷಣ ಬರಬೇಕು ಎಂದು ಹೇಳಿ, ಮುಂದಿನ ಭೇಟಿಯ ದಿನ ಬರೆದುಕೊಡಿ. ಬಾಗಿಲು ಹಾಕಬೇಡಿ. ಮಗುವಿಗೆ ನೆಗಡಿಯಾದಾಗ ಅವರು ಮತ್ತೆ ನಿಮ್ಮ ಬಳಿಯೇ ಬರಬೇಕು.

ತಪ್ಪು ಮಾಹಿತಿಯನ್ನು ತಿದ್ದಿದರೆ ಸಾಲದೇ?

ಸಾಲದು, ಕೆಲವೊಮ್ಮೆ ತಿರುಗಿ ಬೀಳುತ್ತದೆ. 2014ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಎಂಎಂಆರ್ ಬಗ್ಗೆ ನಾಲ್ಕು ಬಗೆಯ ಸಂದೇಶಗಳನ್ನು ಪೋಷಕರಿಗೆ ಕೊಟ್ಟು ನೋಡಿದರು. ಯಾವುದೂ ಲಸಿಕೆ ಹಾಕಿಸುವ ಇರಾದೆಯನ್ನು ಹೆಚ್ಚಿಸಲಿಲ್ಲ. ಎಂಎಂಆರ್‌ನಿಂದ ಆಟಿಸಂ ಬರುತ್ತದೆ ಎಂಬುದನ್ನು ಅಲ್ಲಗಳೆದ ಸಂದೇಶ ತಪ್ಪು ನಂಬಿಕೆಯನ್ನೇನೋ ಇಳಿಸಿತು, ಆದರೆ ಮೊದಲೇ ಹೆಚ್ಚು ಅನುಮಾನವಿದ್ದವರಲ್ಲಿ ಇರಾದೆಯನ್ನೂ ಇಳಿಸಿತು. ಹೀಗೆ ತಿರುಗಿ ಬೀಳುವುದು ಎಲ್ಲ ಅಧ್ಯಯನಗಳಲ್ಲೂ ಕಂಡಿಲ್ಲ. ಆದರೂ ‘ಮಾಹಿತಿ ಕೊಟ್ಟರೆ ಮನಸ್ಸು ಬದಲಾಗುತ್ತದೆ’ ಎಂಬ, ಮೆಡಿಕಲ್ ಕಾಲೇಜುಗಳಿಗೆ ಬಲು ಪ್ರಿಯವಾದ ನಂಬಿಕೆಗೆ ಇದು ಒಳ್ಳೆಯ ಮದ್ದು.

ತಿದ್ದಲೇಬೇಕಾದಾಗ ನಿಜ ಸಂಗತಿಯಿಂದ ಶುರು ಮಾಡಿ, ಸುಳ್ಳನ್ನು ಒಮ್ಮೆ ಮಾತ್ರ ಹೇಳಿ, ಅದು ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ತೋರಿಸಿ, ಮತ್ತೆ ನಿಜಕ್ಕೆ ಬಂದು ನಿಲ್ಲಿ. ಸುಳ್ಳನ್ನೇ ದಪ್ಪ ಅಕ್ಷರದ ತಲೆಬರಹ ಮಾಡಿದ ಪೋಸ್ಟರ್‌ಗಳು ಗೋಡೆಯಿಂದ ಇಳಿಯಲಿ.

ಆಟಿಸಂ ಬಗ್ಗೆ ಚಿಕ್ಕದಾಗಿ ಏನು ಹೇಳಬೇಕು?

ಇಷ್ಟು: ಎಂಎಂಆರ್‌ಗೂ ಆಟಿಸಂಗೂ ನಂಟಿದೆ ಎಂಬ ಅನುಮಾನ ಹುಟ್ಟಿಸಿದ 1998ರ ಲೇಖನದಲ್ಲಿದ್ದದ್ದು 12 ಮಕ್ಕಳು. ಪತ್ರಿಕೆ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು, ಅದೇ ವರ್ಷ ಮುಖ್ಯ ಲೇಖಕರು ಬ್ರಿಟನ್ನಿನ ವೈದ್ಯರ ನೋಂದಣಿ ಕಳೆದುಕೊಂಡರು. 2019ರಲ್ಲಿ ಪ್ರಕಟವಾದ ಡೆನ್ಮಾರ್ಕ್‌ನ ಅಧ್ಯಯನ 6,57,461 ಮಕ್ಕಳನ್ನು ನೋಡಿತು, ನಂಟು ಸಿಗಲಿಲ್ಲ.

ಅಡ್ಡಪರಿಣಾಮಗಳನ್ನು ಎಷ್ಟು ಹೇಳಬೇಕು? ಹೆಚ್ಚು ಹೇಳಿದರೆ ಹೆದರುತ್ತಾರಲ್ಲ?

ಸಂಖ್ಯೆಯೊಂದಿಗೆ ಹೇಳಿ, ಎರಡೂ ಬದಿ ಹೇಳಿ. ಎಂಎಂಆರ್ ಉದಾಹರಣೆ ತೆಗೆದುಕೊಳ್ಳಿ. ಹಾಕಿಸಿದ 6ರಿಂದ 14ನೇ ದಿನದ ನಡುವೆ ಜ್ವರದ ಫಿಟ್ಸ್ ಸುಮಾರು 3,000ದಿಂದ 4,000 ಡೋಸ್‌ಗೆ ಒಂದು. ಪ್ಲೇಟ್‌ಲೆಟ್ ಇಳಿಯುವುದು ಸುಮಾರು 30,000ದಿಂದ 40,000ಕ್ಕೆ ಒಂದು, ಹೆಚ್ಚಿನಂಶ ತಾನಾಗಿ ಸರಿಹೋಗುತ್ತದೆ. ತೀವ್ರ ಅಲರ್ಜಿ, ಲಸಿಕೆಗಳನ್ನೆಲ್ಲ ಸೇರಿಸಿ ನೋಡಿದರೆ, ಸುಮಾರು ಹತ್ತು ಲಕ್ಷಕ್ಕೆ ಒಂದು. ಇನ್ನೊಂದು ಬದಿಗೆ ದಡಾರ: 20 ಮಕ್ಕಳಲ್ಲಿ ಒಂದಕ್ಕೆ ನ್ಯುಮೋನಿಯಾ, ಸಾವಿರಕ್ಕೆ ಒಂದಕ್ಕೆ ಮೆದುಳಿನ ಉರಿಯೂತ, ಒಳ್ಳೆಯ ಚಿಕಿತ್ಸೆ ಸಿಗುವ ಕಡೆಯೂ ಸಾವಿರಕ್ಕೆ 1ರಿಂದ 3 ಸಾವು. ‘ಅಪರೂಪ’ ಎಂಬ ಪದ ಬಳಸಬೇಡಿ. ನಿಮ್ಮ ಅಪರೂಪವೂ ತಾಯಿಯ ಅಪರೂಪವೂ ಬೇರೆ.

ಚರಿತ್ರೆಯನ್ನೂ ಮುಚ್ಚಿಡಬೇಡಿ. 1955ರಲ್ಲಿ ಕಟರ್ ಕಂಪನಿಯ ಪೋಲಿಯೊ ಲಸಿಕೆಯ ಕೆಲವು ಬ್ಯಾಚುಗಳಲ್ಲಿ ಜೀವಂತ ವೈರಸ್ ಉಳಿದು ಮಕ್ಕಳಿಗೆ ಪಾರ್ಶ್ವವಾಯು ಬಡಿದಿತ್ತು. 1976ರ ಹಂದಿಜ್ವರದ ಲಸಿಕೆಯಿಂದ ಸುಮಾರು ಲಕ್ಷಕ್ಕೆ ಒಂದರಂತೆ ಹೆಚ್ಚುವರಿ ಗೀಯಾನ್-ಬರೆ (ನರಗಳಿಗೆ ಪೆಟ್ಟಾಗಿ ಕೈಕಾಲು ಸೋಲುವ ಕಾಯಿಲೆ) ಪ್ರಕರಣಗಳಾದವು. ಕರುಳು ಮಡಚಿಕೊಳ್ಳುವ ಅಪಾಯ ಕಂಡಿದ್ದರಿಂದ 1999ರಲ್ಲಿ ರೋಟಾವೈರಸ್ ಬೇಧಿಯ ರೋಟಾಶೀಲ್ಡ್ ಲಸಿಕೆಯನ್ನು ಮಾರುಕಟ್ಟೆಯಿಂದ ತೆಗೆದರು. ಕಟರ್ ಘಟನೆಯ ನಂತರ ತಯಾರಿಕೆ ಮತ್ತು ತಪಾಸಣೆಯ ನಿಯಮಗಳು ಬಿಗಿಯಾದವು. ರೋಟಾಶೀಲ್ಡ್‌ನ ಅಪಾಯವನ್ನು ಹಿಡಿದದ್ದು ಅಡ್ಡಪರಿಣಾಮಗಳನ್ನು ವರದಿ ಮಾಡುವ ವ್ಯವಸ್ಥೆಯೇ. ಇದನ್ನು ಕ್ಲಾಸಿನಲ್ಲಿ ಹೇಳದಿದ್ದರೆ ವಿದ್ಯಾರ್ಥಿ ಮೊಬೈಲಿನಲ್ಲಿ ಓದುತ್ತಾನೆ, ಅಲ್ಲಿ ಅರ್ಧ ಕಥೆ ಮಾತ್ರ ಇರುತ್ತದೆ.

‘ಮಗುವಿಗೆ ನೆಗಡಿಯಿದೆ, ಮುಂದಿನ ತಿಂಗಳು ಬನ್ನಿ’ ಎನ್ನುವುದು ಸರಿಯೇ?

ತಪ್ಪು. ವೈದ್ಯರ ಹಿಂಜರಿಕೆ ಅಡಗಿ ಕೂರುವ ಅತಿ ಸುರಕ್ಷಿತ ಜಾಗವೂ ಇದೇ. ಸಣ್ಣ ನೆಗಡಿ, ಸ್ವಲ್ಪ ಬೇಧಿ, ಆಂಟಿಬಯಾಟಿಕ್ ಕೋರ್ಸ್, ಎದೆಹಾಲು ಕುಡಿಯುವುದು, ಅವಧಿಗೆ ಮುನ್ನ ಹುಟ್ಟಿದ್ದು, ಮನೆಯಲ್ಲಿ ಯಾರಿಗೋ ಅಲರ್ಜಿ, ಹಿಂದಿನ ಡೋಸ್‌ಗೆ ಜ್ವರ ಬಂದಿದ್ದು, ಇವು ಯಾವುವೂ ಸಾಮಾನ್ಯವಾಗಿ ಅಡ್ಡಿಯಲ್ಲ. ನಿಜವಾದ ಅಡ್ಡಿಗಳು ಕೆಲವೇ: ಅದೇ ಲಸಿಕೆಗೆ ಅಥವಾ ಅದರ ಅಂಶಕ್ಕೆ ಹಿಂದೆ ತೀವ್ರ ಅಲರ್ಜಿ ಆಗಿದ್ದರೆ ಅದು. ಜೀವಂತ ಲಸಿಕೆಗಳಿಗೆ (ದುರ್ಬಲಗೊಳಿಸಿದ ಜೀವಂತ ರೋಗಾಣು ಇರುವವು, ಎಂಎಂಆರ್‌ನಂತೆ) ತೀವ್ರ ರೋಗನಿರೋಧಕ ಕೊರತೆ ಮತ್ತು ಗರ್ಭಧಾರಣೆ. ಮೈ ಬಿಸಿಯೇರಿ ಮಂಕಾಗಿರುವ ಮಗುವಾದರೆ ಸುಧಾರಿಸುವವರೆಗೆ ಕಾಯಿರಿ, ಆದರೆ ವಾಪಸ್ ಬರುವ ದಿನವನ್ನು ಅಲ್ಲೇ ಗೊತ್ತು ಮಾಡಿ.

ಎಚ್‌ಪಿವಿ ಲಸಿಕೆ ಬಂದಾಗ ಮಾತ್ರ ವೈದ್ಯರ ದನಿ ತಗ್ಗುವುದೇಕೆ?

ಲೈಂಗಿಕತೆಯ ಮಾತು ಬರುತ್ತದೆಂಬ ಮುಜುಗರ. ಅದನ್ನು ಪಟ್ಟಿಯ ಕೊನೆಗೆ ತಳ್ಳಿ ‘ಇದೊಂದು ಐಚ್ಛಿಕ’ ಎಂದರೆ ಪೋಷಕರೂ ಅದನ್ನು ಹಾಗೇ ತೆಗೆದುಕೊಳ್ಳುತ್ತಾರೆ. ಉಳಿದ ಲಸಿಕೆಗಳ ನಡುವೆ ಸೇರಿಸಿ, ‘ಇದು ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ, 9ರಿಂದ 14ರ ವಯಸ್ಸಿನಲ್ಲಿ ಹಾಕಿದರೆ ಚೆನ್ನಾಗಿ ಹತ್ತುತ್ತದೆ’ ಎಂದು ಅದೇ ದನಿಯಲ್ಲಿ ಹೇಳಿ.

ಶಿಫಾರಸು ತಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ಸಾಕ್ಷಿ. 2013ರ ಜೂನ್‌ನಲ್ಲಿ ಅಲ್ಲಿನ ಸರ್ಕಾರ ಲಸಿಕೆಯನ್ನು ರದ್ದು ಮಾಡಲಿಲ್ಲ, ಮುಂದಾಗಿ ಶಿಫಾರಸು ಮಾಡುವುದನ್ನಷ್ಟೇ ನಿಲ್ಲಿಸಿತು. ಸುಮಾರು 70%ರಷ್ಟಿದ್ದ ಲಸಿಕಾಕರಣ 1%ಗಿಂತ ಕೆಳಗಿಳಿಯಿತು. ಶಿಫಾರಸು ಮರಳಿದ್ದು 2022ರ ಏಪ್ರಿಲ್‌ನಲ್ಲಿ.

ಇಂಜೆಕ್ಷನ್ ಆದ ತಕ್ಷಣ ಹುಡುಗಿ ಕುಸಿದುಬಿದ್ದಳು. ಇದಕ್ಕೂ ಮನೋಭಾವಕ್ಕೂ ಏನು ಸಂಬಂಧ?

ಬಹಳ ಇದೆ. ಬರೀ ತಲೆಸುತ್ತನ್ನು ಅನಾಫಿಲ್ಯಾಕ್ಸಿಸ್ (ಜೀವಕ್ಕೆ ಕುತ್ತಾಗುವ ತೀವ್ರ ಅಲರ್ಜಿ) ಎಂದುಕೊಂಡ ಕಿರಿಯ ವೈದ್ಯರು ಮುಂದೆ ವರ್ಷಗಟ್ಟಲೆ ಆ ಲಸಿಕೆಗೆ ಕೈ ಹಾಕುವುದಿಲ್ಲ. ಬಿಳುಚಿದ ಮುಖ, ನಿಧಾನದ ನಾಡಿ, ಮಲಗಿಸಿ ಕಾಲು ಎತ್ತಿದರೆ ಒಂದೆರಡು ನಿಮಿಷದಲ್ಲಿ ಚೇತರಿಕೆ, ಇದು ಮೂರ್ಛೆ. ವೇಗದ ನಾಡಿ, ಮೈಮೇಲೆ ದದ್ದು, ತುಟಿ ಊತ, ಉಬ್ಬಸ, ವಾಂತಿ, ಮಲಗಿಸಿದರೂ ಸುಧಾರಿಸದಿರುವುದು, ಇದು ಅನಾಫಿಲ್ಯಾಕ್ಸಿಸ್. ತಕ್ಷಣ ಅಡ್ರಿನಲಿನ್, 1 ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವುದು, ಕಿಲೋ ತೂಕಕ್ಕೆ 0.01 ಮಿಲಿಗ್ರಾಂ, ಗರಿಷ್ಠ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ನಡುಭಾಗದ ಸ್ನಾಯುವಿಗೆ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ. ಹದಿಹರೆಯದವರನ್ನು ಕೂರಿಸಿಯೇ ಹಾಕಿ, 15 ನಿಮಿಷ ಕೂರಿಸಿಕೊಳ್ಳಿ. ಆಂಪ್ಯೂಲ್‌ನ ಅವಧಿ ಮುಗಿದಿಲ್ಲವೆಂದು ಬೆಳಿಗ್ಗೆಯೇ ನೋಡಿಕೊಂಡ ವೈದ್ಯರ ಕೈ ನಡುಗುವುದಿಲ್ಲ.

ಸಿಬ್ಬಂದಿಗೆ ಕಡ್ಡಾಯ ಮಾಡಿದರೆ ಮುಗಿಯಿತಲ್ಲ?

ಸಂಖ್ಯೆ ಏರುತ್ತದೆ. ಸಿಯಾಟಲ್‌ನ ವರ್ಜೀನಿಯಾ ಮೇಸನ್ ಆಸ್ಪತ್ರೆ 2005ರಲ್ಲಿ ಸಿಬ್ಬಂದಿಗೆ ಫ್ಲೂ ಲಸಿಕೆ ಕಡ್ಡಾಯ ಮಾಡಿದಾಗ ಪ್ರಮಾಣ 97% ದಾಟಿತು. ಆದರೆ ಕಡ್ಡಾಯದಿಂದ ತೋಳಿಗೆ ಲಸಿಕೆ ಬೀಳುತ್ತದೆ, ಬಾಯಿಗೆ ಶಿಫಾರಸು ಬರುವುದಿಲ್ಲ. ಹೆಪಟೈಟಿಸ್ ಬಿಯಂತೆ ಕೆಲಸದ ಅಪಾಯ ನೇರವಾಗಿರುವಲ್ಲಿ ಪ್ರವೇಶದ ಷರತ್ತು ಮಾಡುವುದು ನ್ಯಾಯ. ಉಳಿದವಕ್ಕೆ ಮೊದಲು ಉಚಿತ, ಹತ್ತಿರ, ಕೆಲಸದ ಹೊತ್ತಿನಲ್ಲೇ ಎಂಬ ಮೂರನ್ನು ಮಾಡಿ ನೋಡಿ. ಅಷ್ಟನ್ನೂ ಮಾಡದೆ ನೇರ ಕಡ್ಡಾಯಕ್ಕೆ ಹೋಗುವ ಆಡಳಿತದವರೇ ಹೆಚ್ಚು.

ನಮ್ಮ ಕಾಲೇಜಿನಲ್ಲಿ ಈ ವಿಷಯದ ಸಮೀಕ್ಷೆ ಮಾಡಬೇಕು. ಎಲ್ಲಿಂದ ಶುರು?

ಎಥಿಕ್ಸ್ ಸಮಿತಿಯ ಒಪ್ಪಿಗೆಯಿಂದ. ಆಮೇಲೆ ಸ್ಯಾಂಪಲ್ ಲೆಕ್ಕ. ಪ್ರಮಾಣ 50% ಎಂದು ಹಿಡಿದು, 95% ವಿಶ್ವಾಸ, 5% ದೋಷ ಇಟ್ಟುಕೊಂಡರೆ 384 ಬರುತ್ತದೆ. ಒಟ್ಟು ವಿದ್ಯಾರ್ಥಿಗಳೇ 600 ಇದ್ದರೆ ಸೀಮಿತ ಸಂಖ್ಯೆಯ ತಿದ್ದುಪಡಿ ಹಾಕಿ: 384 ಭಾಗಿಸು (1 + 383/600), ಅಂದರೆ 235. ಐದರಲ್ಲೊಬ್ಬರು ಉತ್ತರಿಸುವುದಿಲ್ಲ ಎಂದುಕೊಂಡರೆ 294 ಜನರನ್ನು ಕೇಳಬೇಕು. ಹಾಜರಿ ಪಟ್ಟಿಯಿಂದ ವರ್ಷವಾರು ಲಾಟರಿ ಎತ್ತಿ. ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿ ಕೂರುವುದು ಸ್ಯಾಂಪ್ಲಿಂಗ್ ಅಲ್ಲ.

ಪ್ರಶ್ನಾವಳಿಯನ್ನು ನೀವೇ ಹುಟ್ಟುಹಾಕಬೇಡಿ. ‘5ಸಿ’ ಮಾಪನ 2018ರದ್ದು: ನಂಬಿಕೆ, ಉದಾಸೀನ, ಅಡೆತಡೆ, ಲೆಕ್ಕಾಚಾರ, ಸಾಮೂಹಿಕ ಹೊಣೆ ಎಂಬ ಐದು ಅಂಶ, 15 ವಾಕ್ಯ, 7 ಮೆಟ್ಟಿಲಿನ ಉತ್ತರ. ಇದರಲ್ಲಿ ಎಡವುವುದು ಎರಡು ಕಡೆ. ಐದನ್ನೂ ಕೂಡಿಸಿ ಒಂದೇ ಅಂಕ ಮಾಡುವುದು ತಪ್ಪು, ಅವು ಬೇರೆ ಬೇರೆ ಸಂಗತಿಗಳು. ಲೆಕ್ಕಾಚಾರದ ಅಂಕ ಹೆಚ್ಚು ಬಂದದ್ದನ್ನು ಹಿಂಜರಿಕೆ ಎಂದು ಓದುವುದು ಇನ್ನೊಂದು. ಲಾಭ-ಅಪಾಯ ತೂಗಿ ನೋಡುವುದನ್ನೇ ನಾವು ಮೆಡಿಕಲ್ ವಿದ್ಯಾರ್ಥಿಗೆ ಕಲಿಸುತ್ತಿರುವುದು. ಪೋಷಕರಿಗಾಗಿ ಮಾಡಿದ, 0ಯಿಂದ 100 ಅಂಕದಲ್ಲಿ 50 ಮುಟ್ಟಿದರೆ ಹಿಂಜರಿಕೆ ಎನ್ನುವ 15 ಪ್ರಶ್ನೆಗಳ ಇನ್ನೊಂದು ಮಾಪನವನ್ನು ಮಕ್ಕಳಿಲ್ಲದ ವಿದ್ಯಾರ್ಥಿಗಳಿಗೆ ಹಾಗೇ ಕೊಡುವುದೂ ನಡೆಯುತ್ತದೆ. ಅರ್ಥವಿಲ್ಲದ ಕೆಲಸ.

ಅನುವಾದಿಸಿದರೆ ಬೇರೊಬ್ಬರಿಂದ ಮೂಲ ಭಾಷೆಗೆ ಮರು ಅನುವಾದ ಮಾಡಿಸಿ ಹೋಲಿಸಿ. ಇಪ್ಪತ್ತು ಮೂವತ್ತು ಜನರ ಮೇಲೆ ಪರೀಕ್ಷಿಸಿ. ಉಲ್ಟಾ ವಾಕ್ಯಗಳ (ಉಳಿದವಕ್ಕೆ ವಿರುದ್ಧ ಅರ್ಥದವು) ಅಂಕ ತಿರುಗಿಸಲು ಮರೆತರೆ ಕ್ರೋನ್‌ಬಾಕ್ ಆಲ್ಫಾ (ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಪಾತಾಳಕ್ಕಿಳಿಯುತ್ತದೆ, ಆಗ ಪ್ರಶ್ನಾವಳಿಯನ್ನು ಬೈಯಬೇಡಿ. ಅಭಿಪ್ರಾಯದ ಜೊತೆಗೆ ನಡತೆಯನ್ನೂ ಕೇಳಿ: ಹೆಪಟೈಟಿಸ್ ಬಿ ಎಷ್ಟು ಡೋಸ್ ಆಗಿದೆ, ಕಾರ್ಡ್ ಇದೆಯೇ.

ಬಂದ ಫಲಿತಾಂಶವನ್ನು ಎಷ್ಟು ನಂಬಬಹುದು?

ಉತ್ತರ ಕೊಡದವರು ಎಷ್ಟು ಎಂದು ಮೊದಲು ನೋಡಿ. 600ರಲ್ಲಿ 180 ಜನ ಉತ್ತರಿಸಿ, ಅವರಲ್ಲಿ 95%, ಅಂದರೆ 171 ಮಂದಿ, ಲಸಿಕೆ ಪರ ಎಂದರು ಎಂದಿಟ್ಟುಕೊಳ್ಳಿ. ಉಳಿದ 420 ಜನರ ಮನಸ್ಸು ಗೊತ್ತಿಲ್ಲ. ಅವರೆಲ್ಲ ವಿರುದ್ಧವಾಗಿದ್ದರೆ ನಿಜವಾದ ಪ್ರಮಾಣ 28.5%, ಎಲ್ಲರೂ ಪರವಾಗಿದ್ದರೆ 98.5%. ಹೀಗಿರುವಾಗ ವರದಿಯ ತಲೆಬರಹದಲ್ಲಿ 95% ಎಂದು ಬರೆಯುವುದು ಧೈರ್ಯವೇ ಸರಿ. ಜೊತೆಗೆ, ಫಾರ್ಮ್ ಹಂಚಿದವರು ಇಂಟರ್ನಲ್ಸ್ ಅಂಕ ಕೊಡುವ ಪ್ರಾಧ್ಯಾಪಕರೇ ಆಗಿದ್ದರೆ, ಯಾವ ಉತ್ತರ ಬರಬೇಕೆಂದು ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಹೆಸರಿಲ್ಲದ ಫಾರ್ಮ್, ಪೆಟ್ಟಿಗೆ, ಬೇರೆ ವಿಭಾಗದವರ ಉಸ್ತುವಾರಿ ಇರಲಿ. ಮೊದಲ ವರ್ಷಕ್ಕಿಂತ ಕೊನೆಯ ವರ್ಷದವರ ಅಂಕ ಹೆಚ್ಚಿದ್ದರೆ ‘ಓದಿದ್ದರಿಂದ ಮನಸ್ಸು ಬದಲಾಯಿತು’ ಎನ್ನಲಾಗದು, ಅವರು ಬೇರೆ ಬ್ಯಾಚು, ಬೇರೆ ಜನ.

ಪಾಠದಲ್ಲಿ ಏನು ಬದಲಿಸಿದರೆ ಹೆಚ್ಚು ಪ್ರಯೋಜನ?

ಒಂದು ಉಪನ್ಯಾಸ ಕಡಿಮೆ ಮಾಡಿ, ಆ ಹೊತ್ತಿಗೆ ಮೂವರ ಗುಂಪಿನಲ್ಲಿ ಅಭ್ಯಾಸ ಮಾಡಿಸಿ: ಒಬ್ಬರು ಪೋಷಕರು, ಒಬ್ಬರು ವೈದ್ಯರು, ಮೂರನೆಯವರು ಕೈಯಲ್ಲಿ ಪಟ್ಟಿ ಹಿಡಿದು ನೋಡುವವರು. 8 ನಿಮಿಷ ಮಾತು, 4 ನಿಮಿಷ ಟೀಕೆ, ಪಾತ್ರ ಬದಲು. ಪಟ್ಟಿಯಲ್ಲಿ ಐದೇ ಸಾಲು: ಶಿಫಾರಸನ್ನು ಸ್ಪಷ್ಟವಾಗಿ ಹೇಳಿದರೇ, ಕಾರಣ ಕೇಳಿದರೇ, ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರೇ, ಅನುಮತಿ ಪಡೆದು ಹೇಳಿದರೇ, ಮುಂದಿನ ಭೇಟಿ ಗೊತ್ತು ಮಾಡಿದರೇ. ಮೊದಲ ಸುತ್ತಿನಲ್ಲಿ ಎಲ್ಲರೂ ಸೋಲುವುದು ಮೂರನೆಯದರಲ್ಲಿ. ಇದೇ ಪಟ್ಟಿಯನ್ನು ಪ್ರಾಯೋಗಿಕ ಪರೀಕ್ಷೆಗೂ ತನ್ನಿ. ಅಂಕ ಇಲ್ಲದ್ದನ್ನು ಯಾವ ವಿದ್ಯಾರ್ಥಿಯೂ ಎರಡನೆಯ ಸಲ ಅಭ್ಯಾಸ ಮಾಡುವುದಿಲ್ಲ.

ಜೊತೆಯಲ್ಲಿ ಕೆಲಸ ಮಾಡುವ ಹಿರಿಯ ವೈದ್ಯರೇ ರೋಗಿಗಳೆದುರು ಲಸಿಕೆ ಬೇಡ ಎನ್ನುತ್ತಾರೆ. ಏನು ಮಾಡುವುದು?

ರೋಗಿಯೆದುರು ವಾದಕ್ಕಿಳಿಯಬೇಡಿ. ಒಬ್ಬರೇ ಇದ್ದಾಗ, ಯಾವ ಲಸಿಕೆ, ಯಾವ ಕಾರಣಕ್ಕೆ ಎಂದು ಕೇಳಿ. ಹಲವು ಸಲ ಹಿಂದೆ ಕಂಡ ಒಂದು ಕೇಸ್ ಸಿಗುತ್ತದೆ, ಅದನ್ನು ಅಡ್ಡಪರಿಣಾಮ ಎಂದು ಯಾರೂ ವರದಿಯನ್ನೇ ಮಾಡಿರುವುದಿಲ್ಲ. ಹಾಗಿದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ವಿಂಗಡಣೆ ಹಿಡಿದು ಒಟ್ಟಿಗೆ ಕೂತು ನೋಡಿ: ಅದು ಲಸಿಕೆಯ ಗುಣದಿಂದ ಆದದ್ದೋ, ತಯಾರಿಕೆಯ ದೋಷವೋ, ಹಾಕುವಾಗಿನ ತಪ್ಪೋ, ಭಯದಿಂದ ಆದದ್ದೋ, ಕಾಕತಾಳೀಯವೋ. ಎರಡರಿಂದ 8 ಡಿಗ್ರಿಯಲ್ಲಿ ಇರಬೇಕಾದ ಬಾಟಲಿ ಫ್ರೀಜರ್ ಪಕ್ಕ ಹೆಪ್ಪುಗಟ್ಟಿತ್ತು, ಕರಗಿಸಿ ಹಾಕಿದ ಜಾಗದಲ್ಲಿ ಗಂಟಾಯಿತು ಎಂಬಂಥ ಕಾರಣ ಸಿಕ್ಕರೆ ಲಸಿಕೆಯ ಮೇಲಿನ ಸಿಟ್ಟು ಫ್ರಿಜ್ಜಿನ ಕಡೆಗೆ ತಿರುಗುತ್ತದೆ. ತಿರುಗದಿದ್ದರೆ, ಪದೇ ಪದೇ ತಪ್ಪು ಹೇಳಿ ರೋಗಿಗಳಿಗೆ ಹಾನಿಯಾಗುತ್ತಿದ್ದರೆ, ವಿಭಾಗದ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸುವುದು ದೂರು ಹೇಳಿದಂತಲ್ಲ. ದಿನಾಂಕ, ಲಸಿಕೆ, ಆಡಿದ ಮಾತು ಇಷ್ಟೇ ಬರೆಯಿರಿ, ವಿಶೇಷಣಗಳು ಬೇಡ.